ಗೋಡೆಯಲ್ಲಿ ದೊಡ್ಡ ರಂಧ್ರ: ಕೋರ್ ಬಿಟ್ ಅಡಾಪ್ಟರ್‌ನ ಆಯ್ಕೆ ಮತ್ತು ಬಳಕೆ

ಕಟ್ಟಡ ಪೂರ್ಣಗೊಂಡ ಮೇಲೆ ಗೋಡೆಯಲ್ಲಿ ರಂಧ್ರ ಮಾಡಬೇಕಾದ ಸಂದರ್ಭಗಳು ಸಾಮಾನ್ಯ. ಹೊಸ ಶೌಚಾಲಯದ ಕೊಳವೆ, ಅಡುಗೆಮನೆಯ ಚಿಮಣಿಯ ಹೊಗೆನಳಿಕೆ, ಹವಾನಿಯಂತ್ರಣ ಯಂತ್ರದ ತಾಮ್ರದ ಪೈಪು, ಕಾರ್ಖಾನೆಯ ಕೇಬಲ್ ಮಾರ್ಗ, ಇವೆಲ್ಲವೂ ಗೋಡೆಯನ್ನು ದಾಟಲೇಬೇಕು. ಉಳಿ ಮತ್ತು ಸುತ್ತಿಗೆಯಿಂದ ಈ ಕೆಲಸ ಮಾಡುವ ಪದ್ಧತಿ ಇಂದಿಗೂ ಉಳಿದುಕೊಂಡಿದೆ. ನಾಲ್ಕು ಅಂಗುಲದ ಕೊಳವೆಗೆ ಎಂಟು ಅಂಗುಲದ ಬಾಯಿ ತೆರೆಯುವುದು, ಸುತ್ತಲಿನ ಗಾರೆ ಉದುರುವುದು, ಗೋಡೆಯ ಹೊರಮುಖದಲ್ಲಿ ಇಟ್ಟಿಗೆಯೇ ಕಳಚಿ ಬೀಳುವುದು, ಮಳೆಗಾಲದಲ್ಲಿ ಅದೇ ಜಾಗದಿಂದ ನೀರು ಒಸರುವುದು ಈ ಪದ್ಧತಿಯ ಫಲ. ದುರಸ್ತಿಯ ಖರ್ಚು ಅನೇಕ ವೇಳೆ ಗುತ್ತಿಗೆದಾರನ ಲಾಭವನ್ನೇ ನುಂಗಿಹಾಕುತ್ತದೆ.

ಇದಕ್ಕೆ ಪರಿಹಾರವಾಗಿ ಬಂದಿರುವ ಸಾಧನವೇ ಕೋರ್ ಬಿಟ್. ಆದರೆ ಕೋರ್ ಬಿಟ್ ಕೊಂಡ ಮಾತ್ರಕ್ಕೆ ಕೆಲಸ ಆಗುವುದಿಲ್ಲ. ಆ ಬಿಟ್ಟನ್ನು ಯಂತ್ರಕ್ಕೆ ಜೋಡಿಸುವ ಅಡಾಪ್ಟರ್ ಎಂಬ ಚಿಕ್ಕ ಉಕ್ಕಿನ ಭಾಗವು ಸರಿಯಾಗಿಲ್ಲದಿದ್ದರೆ ದುಬಾರಿ ಬಿಟ್ ಹಾಳಾಗುತ್ತದೆ, ಯಂತ್ರ ಸುಟ್ಟುಹೋಗುತ್ತದೆ, ಕೆಲಸಗಾರನ ಮಣಿಕಟ್ಟು ಮುರಿಯುವ ಸಂಭವವೂ ಉಂಟು. ಆದುದರಿಂದ ಪ್ಲಂಬಿಂಗ್, ವಿದ್ಯುತ್ ಹಾಗೂ ಕಟ್ಟಡ ಗುತ್ತಿಗೆದಾರರಿಗೂ ಹಾರ್ಡ್‌ವೇರ್ ವ್ಯಾಪಾರಸ್ಥರಿಗೂ ಅಡಾಪ್ಟರ್‌ನ ಬಗ್ಗೆ ಸ್ಪಷ್ಟ ತಿಳಿವಳಿಕೆ ಇರುವುದು ಅವಶ್ಯಕ.

ಕೋರ್ ಬಿಟ್ ಕೆಲಸ ಮಾಡುವ ಬಗೆ

ಸಾಧಾರಣ ಡ್ರಿಲ್ ಬಿಟ್ ರಂಧ್ರದೊಳಗಿನ ಇಡೀ ಭಾಗವನ್ನು ಪುಡಿ ಮಾಡುತ್ತದೆ. ಕೋರ್ ಬಿಟ್ ಒಳಗೆ ಟೊಳ್ಳಾದ ಉಕ್ಕಿನ ಡಬ್ಬಿಯಂತಿದ್ದು, ಅದರ ಬಾಯಂಚಿನಲ್ಲಿ ಮಾತ್ರ ಕತ್ತರಿಸುವ ಹಲ್ಲುಗಳಿರುತ್ತವೆ. ಅದು ಉಂಗುರಾಕಾರದ ತೋಡನ್ನಷ್ಟೇ ಕೊರೆಯುತ್ತದೆ. ಮಧ್ಯದ ತಿರುಳು ಇಡಿಯಾಗಿ ಹೊರಬರುತ್ತದೆ.

ಇದರಿಂದ ಆಗುವ ಉಳಿತಾಯವನ್ನು ಲೆಕ್ಕ ಹಾಕಿ ನೋಡಬಹುದು. 230 ಮಿ.ಮೀ. ದಪ್ಪದ, ಅಂದರೆ ಒಂಬತ್ತು ಅಂಗುಲದ ಇಟ್ಟಿಗೆ ಗೋಡೆಯಲ್ಲಿ 127 ಮಿ.ಮೀ. ವ್ಯಾಸದ ರಂಧ್ರದ ಒಟ್ಟು ಗಾತ್ರ ಸುಮಾರು 2.9 ಲೀಟರ್. ಹಲ್ಲಿನ ದಪ್ಪ 4 ಮಿ.ಮೀ. ಆಗಿದ್ದಲ್ಲಿ ಕೋರ್ ಬಿಟ್ ಪುಡಿ ಮಾಡುವುದು ಸುಮಾರು 0.36 ಲೀಟರ್ ಮಾತ್ರ. ಅಂದರೆ ಎಂಟರಲ್ಲಿ ಒಂದು ಪಾಲು. ಕೈಯಲ್ಲಿ ಹಿಡಿಯುವ ಯಂತ್ರದಿಂದ ಇಷ್ಟು ದೊಡ್ಡ ರಂಧ್ರ ಸಾಧ್ಯವಾಗುವುದು ಈ ಕಾರಣದಿಂದಲೇ.

ಬಿಟ್‌ಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಮೊದಲನೆಯದು ಟಂಗ್‌ಸ್ಟನ್ ಕಾರ್ಬೈಡ್ ಹಲ್ಲಿನದು. ನಮ್ಮ ಮಾರುಕಟ್ಟೆಯಲ್ಲಿ ಇದಕ್ಕೆ ‘ವಿಡಿಯಾ’ ಎಂಬ ಹೆಸರೇ ರೂಢಿ. ಜರ್ಮನಿಯ ಕ್ರುಪ್ ಸಂಸ್ಥೆ 1920ರ ದಶಕದಲ್ಲಿ ಈ ಗಟ್ಟಿ ಲೋಹಕ್ಕೆ, ‘ವಜ್ರದಂತೆ’ ಎಂಬರ್ಥದ ಜರ್ಮನ್ ಪದಗಳಿಂದ, ಇಟ್ಟ ವ್ಯಾಪಾರದ ಹೆಸರು ಅದು. 1964ರಲ್ಲಿ ಬೆಂಗಳೂರಿನಲ್ಲಿ ವಿಡಿಯಾ (ಇಂಡಿಯಾ) ಕಂಪನಿ ಸ್ಥಾಪನೆಯಾದ ಮೇಲೆ ಈ ಹೆಸರು ಕನ್ನಡ ನಾಡಿನ ವರ್ಕ್‌ಶಾಪುಗಳಲ್ಲಿ ಇನ್ನಷ್ಟು ಬೇರೂರಿತು. ಎರಡನೆಯದು ಕೈಗಾರಿಕಾ ವಜ್ರದ ಕಣಗಳನ್ನು ಲೋಹದ ಪುಡಿಯೊಂದಿಗೆ ಬೆಸೆದು ಮಾಡಿದ ಸೆಗ್ಮೆಂಟ್‌ಗಳಿರುವ ಡೈಮಂಡ್ ಕೋರ್ ಬಿಟ್.

ಇವೆರಡರ ಕೆಲಸದ ರೀತಿ ಬೇರೆ ಬೇರೆ. ಹ್ಯಾಮರ್ ಯಂತ್ರಕ್ಕಾಗಿಯೇ ತಯಾರಾದ ದಪ್ಪ ಗೋಡೆಯ ಕಾರ್ಬೈಡ್ ಬಿಟ್ ಪೆಟ್ಟನ್ನು ಸಹಿಸುತ್ತದೆ; ಕಲ್ಲನ್ನು ಒಡೆದು ಮುಂದೆ ಸಾಗುತ್ತದೆ. ಡೈಮಂಡ್ ಬಿಟ್ ತೇಯುತ್ತದೆ, ಒಡೆಯುವುದಿಲ್ಲ. ಅದಕ್ಕೆ ಪೆಟ್ಟು ಕೊಟ್ಟರೆ ಸೆಗ್ಮೆಂಟ್‌ಗಳು ಬಿರುಕು ಬಿಟ್ಟು ಕಳಚಿಕೊಳ್ಳುತ್ತವೆ. ಡೈಮಂಡ್ ಬಿಟ್ ಬಳಸುವಾಗ ಯಂತ್ರದ ಹ್ಯಾಮರ್ ಚಾಲನೆಯನ್ನು ಕಡ್ಡಾಯವಾಗಿ ನಿಲ್ಲಿಸಿರಬೇಕು. ಈ ಒಂದು ನಿಯಮವನ್ನು ಮರೆತದ್ದರಿಂದ ಹಾಳಾಗುವ ಬಿಟ್‌ಗಳು ಬಹಳ.

ಅಡಾಪ್ಟರ್‌ನ ಅಂಗಗಳು

ಅಡಾಪ್ಟರ್‌ನ ಒಂದು ತುದಿ ಯಂತ್ರಕ್ಕೆ, ಇನ್ನೊಂದು ತುದಿ ಬಿಟ್‌ಗೆ ಸೇರುತ್ತದೆ. ಯಂತ್ರದ ಕಡೆಯ ಭಾಗಕ್ಕೆ ಶ್ಯಾಂಕ್ ಎಂದು ಹೆಸರು. ಬಿಟ್‌ನ ಕಡೆಯ ಭಾಗದಲ್ಲಿ ಥ್ರೆಡ್ ಅಥವಾ ಕ್ರಮವಾಗಿ ಸಣ್ಣದಾಗುತ್ತ ಹೋಗುವ ಟೇಪರ್ ಇರುತ್ತದೆ. ಮಧ್ಯದಲ್ಲಿ ಪೈಲಟ್ ಬಿಟ್ ಕೂರುವ ರಂಧ್ರ ಇದ್ದು, ಅದನ್ನು ಭದ್ರಪಡಿಸಲು ಕೆಲವದರಲ್ಲಿ ಸಣ್ಣ ಅಲೆನ್ ಸ್ಕ್ರೂ, ಕೆಲವದರಲ್ಲಿ ಟೇಪರ್ ಇರುತ್ತದೆ. ಟೇಪರ್ ವ್ಯವಸ್ಥೆಯಲ್ಲಿ ಅಡಾಪ್ಟರ್‌ನ ಪಕ್ಕದಲ್ಲಿ ಒಂದು ಸೀಳುಗಂಡಿ ಇದ್ದು, ಅದರೊಳಗೆ ಬಿಡಿಸುವ ಬೆಣೆಯನ್ನು ತೂರಿಸಿ ತಟ್ಟಿದರೆ ಪೈಲಟ್ ಬಿಟ್ ಸಡಿಲವಾಗಿ ಹೊರಬರುತ್ತದೆ.

ಪೈಲಟ್ ಬಿಟ್‌ನ ಉದ್ದೇಶ ಒಂದೇ. ಕೋರ್ ಬಿಟ್‌ನ ಬಾಯಿಗೆ ನಡುಬಿಂದು ಇಲ್ಲದಿರುವುದರಿಂದ ಗೋಡೆಯ ಮೇಲೆ ಇಟ್ಟು ಚಾಲನೆ ಮಾಡಿದ ಕೂಡಲೇ ಅದು ಅತ್ತಿತ್ತ ಜಾರುತ್ತದೆ. ಪೈಲಟ್ ಬಿಟ್ ಮೊದಲು ಗೋಡೆಯನ್ನು ಹಿಡಿದು ಕೋರ್ ಬಿಟ್ಟನ್ನು ಸ್ಥಾನದಲ್ಲಿ ನಿಲ್ಲಿಸುತ್ತದೆ. ಉಂಗುರದ ತೋಡು ಬಿದ್ದ ಮೇಲೆ ಆ ತೋಡೇ ಬಿಟ್ಟಿಗೆ ದಾರಿ ತೋರುವುದರಿಂದ ಪೈಲಟ್‌ನ ಕೆಲಸ ಅಲ್ಲಿಗೆ ಮುಗಿಯುತ್ತದೆ.

ಶ್ಯಾಂಕ್ ಮತ್ತು ಥ್ರೆಡ್: ಹೊಂದಾಣಿಕೆಯ ಪ್ರಶ್ನೆ

ಅಂಗಡಿಯಲ್ಲಿ ಅತಿ ಹೆಚ್ಚು ಗೊಂದಲ ಉಂಟಾಗುವುದು ಇಲ್ಲಿಯೇ. ಶ್ಯಾಂಕ್‌ಗಳಲ್ಲಿ ಸಾಮಾನ್ಯವಾಗಿ ದೊರಕುವವು ಮೂರು.

ಮೊದಲನೆಯದು ಷಟ್ಕೋನ ಶ್ಯಾಂಕ್. ಇದು ಸಾಧಾರಣ 13 ಮಿ.ಮೀ. ಚಕ್ ಇರುವ ಡ್ರಿಲ್ಲಿಗೆ ಹೊಂದುತ್ತದೆ. ಚಕ್‌ನ ಮೂರು ದವಡೆಗಳು ಚಪ್ಪಟೆ ಮುಖಗಳನ್ನು ಹಿಡಿಯುವುದರಿಂದ ಜಾರುವುದಿಲ್ಲ. ಹ್ಯಾಮರ್ ಬೇಡವಾದ ಡೈಮಂಡ್ ಬಿಟ್‌ಗೆ ಇದು ಅನುಕೂಲ.

ಎರಡನೆಯದು ಎಸ್‌ಡಿಎಸ್ ಪ್ಲಸ್. ಇದರ ಶ್ಯಾಂಕ್ 10 ಮಿ.ಮೀ. ವ್ಯಾಸದ್ದು. ಸುಮಾರು ಎರಡರಿಂದ ನಾಲ್ಕು ಕಿಲೋ ತೂಕದ ರೋಟರಿ ಹ್ಯಾಮರ್‌ಗಳಲ್ಲಿ ಇದು ಬಳಕೆಯಲ್ಲಿದೆ.

ಮೂರನೆಯದು ಎಸ್‌ಡಿಎಸ್ ಮ್ಯಾಕ್ಸ್. ಇದರ ವ್ಯಾಸ 18 ಮಿ.ಮೀ. ಐದು ಕಿಲೋ ಮತ್ತು ಅದಕ್ಕೂ ಮೇಲ್ಪಟ್ಟ ಭಾರಿ ಯಂತ್ರಗಳಿಗೆ ಮೀಸಲು. ಪ್ಲಸ್ ಮತ್ತು ಮ್ಯಾಕ್ಸ್ ಒಂದಕ್ಕೊಂದು ನೇರವಾಗಿ ಹೊಂದುವುದಿಲ್ಲ.

ಎಸ್‌ಡಿಎಸ್ ಶ್ಯಾಂಕ್‌ನ ಸ್ವಭಾವವೊಂದನ್ನು ಗಮನಿಸಬೇಕು. ಪೆಟ್ಟು ಸಾಗುವುದಕ್ಕಾಗಿ ಅದು ಹೋಲ್ಡರಿನೊಳಗೆ ಹಿಂದೆ ಮುಂದೆ ಜಾರುವಂತೆ ರಚಿತವಾಗಿದೆ. ಈ ಸಡಿಲ ಕಾರ್ಬೈಡ್ ಬಿಟ್‌ಗೆ ಅವಶ್ಯಕ. ಡೈಮಂಡ್ ಬಿಟ್‌ಗೆ ಅದೇ ಸಡಿಲ ಸ್ವಲ್ಪಮಟ್ಟಿನ ಅಲುಗಾಟವನ್ನು ತರುತ್ತದೆ. ಆದುದರಿಂದ ಡೈಮಂಡ್ ಬಿಟ್ಟನ್ನು ನಿತ್ಯ ಬಳಸುವವರು ಎಸ್‌ಡಿಎಸ್‌ಗಿಂತ ಷಟ್ಕೋನ ಶ್ಯಾಂಕ್ ಅಥವಾ ನೇರವಾಗಿ ಥ್ರೆಡ್ ಇರುವ ಕೋರ್ ಡ್ರಿಲ್ ಯಂತ್ರವನ್ನು ಆರಿಸಿಕೊಳ್ಳುವುದು ಉತ್ತಮ. ಎಸ್‌ಡಿಎಸ್ ಯಂತ್ರಕ್ಕೆ ಸಣ್ಣ ಚಕ್ ಸಿಕ್ಕಿಸಿ ಅದರ ಮೂಲಕ ದೊಡ್ಡ ಕೋರ್ ಬಿಟ್ ತಿರುಗಿಸುವುದು ಸರ್ವಥಾ ಸಲ್ಲದು. ಆ ಚಕ್ ಇಷ್ಟು ತಿರುಚುಬಲಕ್ಕೆ ತಯಾರಾದುದಲ್ಲ.

ಬಿಟ್‌ನ ಕಡೆಯ ಥ್ರೆಡ್‌ಗಳಲ್ಲಿಯೂ ವೈವಿಧ್ಯವಿದೆ. ಒಣಗೊರೆತದ ಡೈಮಂಡ್ ಬಿಟ್‌ಗಳಲ್ಲಿ ಅರ್ಧ ಅಂಗುಲದ ಬಿಎಸ್‌ಪಿ ಥ್ರೆಡ್ ಬಹಳವಾಗಿ ಕಾಣುತ್ತದೆ. ಕಾರ್ಬೈಡ್ ಬಿಟ್‌ಗಳಲ್ಲಿ ಎಂ16 ಹಾಗೂ ಎಂ22 ಥ್ರೆಡ್‌ಗಳು ಬಳಕೆಯಲ್ಲಿವೆ. ಸ್ಟ್ಯಾಂಡ್ ಮೇಲೆ ನಿಲ್ಲಿಸಿ ನೀರು ಹಾಯಿಸಿ ಕೊರೆಯುವ ದೊಡ್ಡ ಯಂತ್ರಗಳಲ್ಲಿ ಒಂದೂಕಾಲು ಅಂಗುಲದ ಯುಎನ್‌ಸಿ ಥ್ರೆಡ್ ರೂಢಿಯಲ್ಲಿದ್ದು, ಅದರಲ್ಲಿ ಅಂಗುಲಕ್ಕೆ 7 ಸುತ್ತುಗಳಿರುತ್ತವೆ.

ಇಲ್ಲಿ ಒಂದು ಅಪಾಯವಿದೆ. ಅರ್ಧ ಅಂಗುಲ ಬಿಎಸ್‌ಪಿ ಥ್ರೆಡ್‌ನ ಹೊರವ್ಯಾಸ ಅರ್ಧ ಅಂಗುಲವಲ್ಲ; ಅದು 20.955 ಮಿ.ಮೀ. ಕೊಳವೆಯ ಒಳಅಳತೆಯಿಂದ ಬಂದ ಹೆಸರು ಅದಾಗಿದೆ. ಎಂ22ರ ಹೊರವ್ಯಾಸ 22 ಮಿ.ಮೀ. ಕಣ್ಣಳತೆಗೆ ಎರಡೂ ಒಂದೇ ರೀತಿ ತೋರುತ್ತವೆ. ಆದರೆ ಬಿಎಸ್‌ಪಿಯಲ್ಲಿ ಅಂಗುಲಕ್ಕೆ 14 ಸುತ್ತು, ಅಂದರೆ ಸುತ್ತಿನಿಂದ ಸುತ್ತಿಗೆ ಸುಮಾರು 1.8 ಮಿ.ಮೀ.; ಸಾಮಾನ್ಯ ಎಂ22ರಲ್ಲಿ 2.5 ಮಿ.ಮೀ. ಒಂದರ ಮೇಲೊಂದನ್ನು ಒತ್ತಾಯದಿಂದ ಬಿಗಿದರೆ ಒಂದೆರಡು ಸುತ್ತು ಹಿಡಿದಂತೆ ಕಂಡು, ಭಾರ ಬಿದ್ದಾಗ ಥ್ರೆಡ್ ಕಿತ್ತುಹೋಗುತ್ತದೆ. ಬಿಟ್ಟನ್ನು ಕೈಯಿಂದಲೇ ಪೂರ್ಣ ತಿರುಗಿಸಿ ಕೂರಿಸಲು ಸಾಧ್ಯವಾಗಬೇಕು. ಸ್ಪ್ಯಾನರ್ ಹಿಡಿದೇ ಮೊದಲ ಸುತ್ತು ಹಾಕಬೇಕಾಯಿತೆಂದರೆ ಜೋಡಿ ತಪ್ಪಿದೆ ಎಂದೇ ಅರ್ಥ.

ಯಂತ್ರದ ಸಾಮರ್ಥ್ಯ ಮತ್ತು ವೇಗ

ಅಡಾಪ್ಟರ್ ಹೊಂದಿಕೊಂಡಿತೆಂಬ ಕಾರಣಕ್ಕೆ ಯಾವ ಯಂತ್ರಕ್ಕೂ ಯಾವ ಬಿಟ್ಟನ್ನೂ ಹಾಕಬಹುದೆಂದು ತಿಳಿಯುವುದು ತಪ್ಪು. ಎಸ್‌ಡಿಎಸ್ ಪ್ಲಸ್ ಜಾತಿಯ ಸಣ್ಣ ರೋಟರಿ ಹ್ಯಾಮರ್‌ಗಳಿಗೆ ಇಟ್ಟಿಗೆ ಗೋಡೆಯಲ್ಲಿ ಕೋರ್ ಬಿಟ್‌ನ ಮಿತಿಯನ್ನು ಅನೇಕ ವೇಳೆ 68 ಮಿ.ಮೀ. ಎಂದು ತಯಾರಕರು ನಿಗದಿ ಮಾಡಿರುತ್ತಾರೆ. ಅದಕ್ಕೆ 127 ಮಿ.ಮೀ. ಬಿಟ್ ಸಿಕ್ಕಿಸುವುದು ಎತ್ತಿನ ಗಾಡಿಗೆ ಲಾರಿಯ ಹೊರೆ ಹೇರಿದಂತೆ. ಯಂತ್ರದ ಕೈಪಿಡಿಯಲ್ಲಿ ಕೊಟ್ಟಿರುವ ಮಿತಿಯೇ ಅಂತಿಮ.

ವೇಗದ ವಿಷಯದಲ್ಲಿ ಸೂತ್ರ ಸರಳವಾಗಿದೆ: ಬಿಟ್ ದೊಡ್ಡದಾದಷ್ಟೂ ಸುತ್ತು ಕಡಿಮೆಯಾಗಬೇಕು. ಹಲ್ಲು ಗೋಡೆಯ ಮೇಲೆ ಸಾಗುವ ಅಂಚಿನ ವೇಗವೇ ಇಲ್ಲಿ ಮುಖ್ಯ. 52 ಮಿ.ಮೀ. ಬಿಟ್ ನಿಮಿಷಕ್ಕೆ 1,300 ಸುತ್ತು ತಿರುಗಿದಾಗ ಅದರ ಅಂಚು ಸೆಕೆಂಡಿಗೆ ಸುಮಾರು 3.5 ಮೀಟರ್ ಸಾಗುತ್ತದೆ. ಅದೇ ಅಂಚಿನ ವೇಗ 127 ಮಿ.ಮೀ. ಬಿಟ್‌ಗೆ ದೊರೆಯಲು ನಿಮಿಷಕ್ಕೆ ಸುಮಾರು 530 ಸುತ್ತು ಸಾಕು. ದೊಡ್ಡ ಬಿಟ್ಟನ್ನು ಸಣ್ಣ ಬಿಟ್‌ನ ವೇಗದಲ್ಲಿ ಓಡಿಸಿದರೆ ಸೆಗ್ಮೆಂಟ್ ಕಾದು ನೀಲಿಗಟ್ಟುತ್ತದೆ. ಪ್ರತಿ ಬಿಟ್‌ಗೂ ತಯಾರಕರು ಸೂಚಿಸಿದ ಸುತ್ತುಗಳನ್ನು ಅನುಸರಿಸುವುದೇ ಕ್ಷೇಮ. ಈ ಕಾರಣದಿಂದ ಎರಡು ಗೇರ್ ಇರುವ ಯಂತ್ರ ದೊಡ್ಡ ಬಿಟ್‌ಗಳಿಗೆ ಹೆಚ್ಚು ಯೋಗ್ಯ.

ಸುತ್ತು ಇಳಿದಾಗ ತಿರುಚುಬಲ ಏರುತ್ತದೆ. 1,200 ವ್ಯಾಟ್ ಶಕ್ತಿಯನ್ನು 1,300 ಸುತ್ತಿನಲ್ಲಿ ಹೊರಹಾಕುವ ಯಂತ್ರದ ತಿರುಚುಬಲ ಸುಮಾರು 9 ನ್ಯೂಟನ್-ಮೀಟರ್. ಅದೇ ಶಕ್ತಿ 530 ಸುತ್ತಿನಲ್ಲಿ ಹೊರಬಂದರೆ ಸುಮಾರು 21.5 ನ್ಯೂಟನ್-ಮೀಟರ್. ಯಂತ್ರದ ನಡುಗೆರೆಯಿಂದ 20 ಸೆಂ.ಮೀ. ದೂರದ ಪಕ್ಕದ ಹಿಡಿಯನ್ನು ಹಿಡಿದ ಕೈಗೆ ಇದು 11 ಕಿಲೋ ತೂಕದಷ್ಟು ಎಳೆತವಾಗಿ ಬರುತ್ತದೆ. ಬಿಟ್ ಥಟ್ಟನೆ ಸಿಕ್ಕಿಕೊಂಡಾಗ ತಿರುಗುತ್ತಿರುವ ಮೋಟಾರಿನ ವೇಗವೂ ಸೇರಿಕೊಂಡು ಎಳೆತ ಇದಕ್ಕಿಂತ ಎಷ್ಟೋ ಹೆಚ್ಚಾಗುತ್ತದೆ. ಏಣಿಯ ಮೇಲೆ ನಿಂತು ಒಂದು ಕೈಯಲ್ಲಿ ಯಂತ್ರ ಹಿಡಿದವನ ಗತಿ ಏನಾದೀತೆಂಬುದನ್ನು ಊಹಿಸಬಹುದು. ಆದುದರಿಂದ ಬಿಟ್ ಸಿಕ್ಕಿಕೊಂಡಾಗ ತಾನಾಗಿ ಜಾರುವ ಸುರಕ್ಷಾ ಕ್ಲಚ್ ಇಲ್ಲದ ಯಂತ್ರವನ್ನು ಈ ಕೆಲಸಕ್ಕೆ ಬಳಸಕೂಡದು.

ಗೋಡೆಯ ಸ್ವರೂಪವನ್ನು ಅರಿಯುವುದು

ಕರ್ನಾಟಕದಲ್ಲಿ ಗೋಡೆಯೆಂದರೆ ಒಂದೇ ಬಗೆಯದಲ್ಲ. ಸುಟ್ಟ ಇಟ್ಟಿಗೆಯ ಗೋಡೆ ಕೊರೆಯಲು ಸುಲಭ. ಕರಾವಳಿಯ ಮುರಕಲ್ಲು ಮೆದುವಾಗಿದ್ದರೂ ಒಳಗೆ ಅಲ್ಲಲ್ಲಿ ಗಟ್ಟಿ ಗಂಟುಗಳೂ ಪೊಳ್ಳುಗಳೂ ಇರುವುದರಿಂದ ಬಿಟ್ ಜಗ್ಗುತ್ತದೆ, ನಿಧಾನವಾಗಿ ಸಾಗಬೇಕು. ಕಾಂಕ್ರೀಟ್ ಬ್ಲಾಕಿನ ಗೋಡೆಗೆ ಡೈಮಂಡ್ ಬಿಟ್ ಉತ್ತಮ. ಟೊಳ್ಳು ಬ್ಲಾಕಿಗೆ ಹ್ಯಾಮರ್ ಕೊಟ್ಟರೆ ಹಿಂಬದಿಯ ಪದರ ಒಡೆದು ಬೀಳುತ್ತದೆ. ಹಗುರ ಎಎಸಿ ಬ್ಲಾಕಿಗೆ ಹ್ಯಾಮರ್ ಚಾಲನೆಯೇ ಬೇಡ. ಕಾರ್ಬೈಡ್ ಹಲ್ಲಿನ ಹೋಲ್ ಸಾ ಸಾಕಾಗುತ್ತದೆ.

ಬೆಂಗಳೂರು, ಕೋಲಾರ ಸೀಮೆಯ ಹಳೆಯ ಕಟ್ಟಡಗಳ ಗ್ರಾನೈಟ್ ಸೈಜುಗಲ್ಲಿನ ಗೋಡೆ ಮಾತ್ರ ಬೇರೆಯೇ ವಿಷಯ. ಕೈಯಂತ್ರದ ಒಣಗೊರೆತ ಅಲ್ಲಿ ನಿಲ್ಲುವುದಿಲ್ಲ. ಸ್ಟ್ಯಾಂಡಿಗೆ ಬಿಗಿದ ಯಂತ್ರ, ನೀರಿನ ಹರಿವು ಮತ್ತು ಗ್ರಾನೈಟಿಗೆ ತಕ್ಕ ಬಿಟ್ ಬೇಕಾಗುತ್ತದೆ. ಡೈಮಂಡ್ ಬಿಟ್‌ನ ಆಯ್ಕೆಯಲ್ಲಿ ಮೇಲುನೋಟಕ್ಕೆ ವಿಚಿತ್ರವೆನಿಸುವ ನಿಯಮವೊಂದಿದೆ. ಗಟ್ಟಿ ಕಲ್ಲಿಗೆ ಮೆದು ಬಂಧದ ಸೆಗ್ಮೆಂಟ್, ಮೆದುವಾದರೂ ಮರಳಿನಂತೆ ಉಜ್ಜುವ ಇಟ್ಟಿಗೆಗೆ ಗಟ್ಟಿ ಬಂಧದ ಸೆಗ್ಮೆಂಟ್ ಬೇಕು. ಗಟ್ಟಿ ಕಲ್ಲಿನಲ್ಲಿ ಹಳೆಯ ವಜ್ರಕಣ ಮೊಂಡಾದಂತೆ ಬಂಧ ಸವೆದು ಹೊಸ ಕಣ ಹೊರಬರಬೇಕು. ಇಟ್ಟಿಗೆಯ ಪುಡಿಯೇ ಬಂಧವನ್ನು ಬೇಗ ಸವೆಸುವುದರಿಂದ ಅಲ್ಲಿ ಬಂಧ ಗಟ್ಟಿಯಾಗಿರಬೇಕು.

ಆರ್‌ಸಿಸಿ ತೊಲೆ, ಕಂಬ ಮತ್ತು ಚಾವಣಿಗಳನ್ನು ಸ್ಟ್ರಕ್ಚರಲ್ ಎಂಜಿನಿಯರರ ಲಿಖಿತ ಒಪ್ಪಿಗೆಯಿಲ್ಲದೆ ಕೊರೆಯಬಾರದು. ಒಂದು ಕಬ್ಬಿಣದ ಸರಳು ತುಂಡಾದರೆ ಅದನ್ನು ಮೊದಲಿನಂತೆ ಮಾಡುವುದು ಸುಲಭವಲ್ಲ. ಹಳೆಯ ಮನೆಗಳಲ್ಲಿ ಬಾಗಿಲು, ಕಿಟಕಿಗಳ ಮೇಲಿನ ಲಿಂಟಲ್‌ನ ಎರಡೂ ತುದಿಗಳ ಕೆಳಭಾಗ ಭಾರ ಹೊರುವ ಜಾಗ. ಅಲ್ಲಿಯೂ ರಂಧ್ರ ಸಲ್ಲದು.

ಹಂತ ಹಂತವಾಗಿ ಒಂದು ಉದಾಹರಣೆ

ಹೊರವ್ಯಾಸ 110 ಮಿ.ಮೀ. ಇರುವ ಪಿವಿಸಿ ಮಲಿನಜಲದ ಕೊಳವೆಯನ್ನು 230 ಮಿ.ಮೀ. ಇಟ್ಟಿಗೆ ಗೋಡೆಯ ಮೂಲಕ ಹಾಯಿಸಬೇಕಾಗಿದೆ. ಎರಡು ಬದಿಯ ಗಾರೆ ಸೇರಿ ಗೋಡೆಯ ದಪ್ಪ ಸುಮಾರು 260 ಮಿ.ಮೀ. ಬಿಟ್‌ನ ಕೊರೆಯುವ ಆಳ 150 ಮಿ.ಮೀ. ಎಂದಿಟ್ಟುಕೊಂಡರೆ ಒಂದೇ ಬದಿಯಿಂದ ಕೆಲಸ ಮುಗಿಯುವುದಿಲ್ಲ. ಎರಡೂ ಬದಿಗಳಿಂದ ತಲಾ 130 ಮಿ.ಮೀ. ಕೊರೆಯಬೇಕು.

ಈ ಕೆಲಸಕ್ಕೆ ಮಾರುಕಟ್ಟೆಯಲ್ಲಿ 117 ಹಾಗೂ 127 ಮಿ.ಮೀ. ಬಿಟ್‌ಗಳು ಸಿಗುತ್ತವೆ. 117ರಲ್ಲಿ ಕೊಳವೆಯ ಸುತ್ತ ಉಳಿಯುವುದು 3.5 ಮಿ.ಮೀ. ಮಾತ್ರ. ಎರಡು ಬದಿಯ ಕೊರೆತಗಳು ಮಧ್ಯದಲ್ಲಿ ಏಳು ಮಿ.ಮೀ.ಗಿಂತ ಹೆಚ್ಚು ತಪ್ಪಿದರೆ ಕೊಳವೆ ಹೋಗಲಾರದು. 127ರಲ್ಲಿ ಸುತ್ತ 8.5 ಮಿ.ಮೀ. ಜಾಗ ಸಿಗುತ್ತದೆ. ಎರಡೂ ಬದಿಯಿಂದ ಕೊರೆಯುವಾಗ 127ನ್ನು ಆರಿಸುವುದು ಜಾಣತನ.

ಮೊದಲನೆಯ ಹಂತ ಪರಿಶೀಲನೆ. ಸ್ವಿಚ್ ಬೋರ್ಡಿನ ನೇರಕ್ಕೆ ಮೇಲೆ ಕೆಳಗೆ, ನಲ್ಲಿಯ ನೇರಕ್ಕೆ ಅಕ್ಕಪಕ್ಕ ಗೋಡೆಯೊಳಗೆ ತಂತಿ ಅಥವಾ ಪೈಪು ಇರುವ ಸಂಭವ ಹೆಚ್ಚು. ಮನೆಯವರನ್ನು ವಿಚಾರಿಸಿ, ಸಾಧ್ಯವಾದರೆ ಡಿಟೆಕ್ಟರ್ ಬಳಸಿ, ಆ ಭಾಗದ ವಿದ್ಯುತ್ ಸರಬರಾಜನ್ನು ನಿಲ್ಲಿಸಿಯೇ ಮುಂದುವರಿಯಬೇಕು.

ಎರಡನೆಯದು ಇಳಿಜಾರು. ಕೊಳವೆಗೆ 40ಕ್ಕೆ 1ರ ಇಳಿಜಾರು ಬೇಕಿದ್ದರೆ 260 ಮಿ.ಮೀ. ಗೋಡೆಯಲ್ಲಿ ಹೊರಬದಿ 6.5 ಮಿ.ಮೀ. ತಗ್ಗಾಗಿರಬೇಕು. ಹೊರಕ್ಕೆ ಇಳಿಜಾರಿದ್ದರೆ ಮಳೆಯ ನೀರೂ ಒಳಗೆ ಹರಿಯುವುದಿಲ್ಲ.

ಮೂರನೆಯದು ಪೈಲಟ್ ರಂಧ್ರ. ಪೈಲಟ್ ಬಿಟ್‌ನ ಅಳತೆಯದೇ ಆದ ಉದ್ದನೆಯ ಕಲ್ಲುಬಿಟ್ಟಿನಿಂದ, ಇಳಿಜಾರನ್ನು ಪಾಲಿಸುತ್ತ, ಗೋಡೆಯನ್ನು ಪೂರ್ಣ ದಾಟುವಂತೆ ಸಣ್ಣ ರಂಧ್ರ ಮಾಡಿಕೊಳ್ಳಬೇಕು. ಹೊರಬದಿಯ ಕೇಂದ್ರ ಸಿಗುವುದು ಈ ರಂಧ್ರದಿಂದಲೇ. ಇಲ್ಲಿ ಹ್ಯಾಮರ್ ಚಾಲನೆ ಬಳಸಬಹುದು.

ನಾಲ್ಕನೆಯದು ಜೋಡಣೆ. ಯಂತ್ರದ ಪ್ಲಗ್ ಕಿತ್ತಿಟ್ಟು ಅಡಾಪ್ಟರ್‌ನ ಥ್ರೆಡ್ ಮತ್ತು ಬಿಟ್‌ನ ಕೂರುಮುಖವನ್ನು ಬಟ್ಟೆಯಿಂದ ಒರೆಸಬೇಕು. ಮರಳಿನ ಒಂದು ಕಣ ಉಳಿದರೂ ಬಿಟ್ ಓರೆಯಾಗಿ ಕೂರುತ್ತದೆ. ಥ್ರೆಡ್‌ಗೆ ತೆಳುವಾಗಿ ಗ್ರೀಸ್ ಸವರಿದರೆ ಕೆಲಸ ಮುಗಿದ ಮೇಲೆ ಬಿಚ್ಚಲು ಸುಲಭ. ಎಸ್‌ಡಿಎಸ್ ಶ್ಯಾಂಕ್‌ಗೂ ತುಸು ಗ್ರೀಸ್ ಬೇಕು. ಪೈಲಟ್ ಬಿಟ್ ಕೂರಿಸಿ ಅಲೆನ್ ಸ್ಕ್ರೂ ಬಿಗಿಯಬೇಕು; ಟೇಪರ್ ಆದರೆ ಮರದ ಕೊಡತಿಯಿಂದ ಮೆಲ್ಲಗೆ ತಟ್ಟಬೇಕು. ಬಳಿಕ ಗೋಡೆಗೆ ತಾಗಿಸದೆ ಒಂದು ಕ್ಷಣ ತಿರುಗಿಸಿ ಬಿಟ್‌ನ ಬಾಯಿ ಓಲಾಡುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಐದನೆಯದು ಆರಂಭ. ಹ್ಯಾಮರ್ ನಿಲ್ಲಿಸಿ, ಕಡಿಮೆ ವೇಗದಲ್ಲಿ, ಹಗುರವಾದ ಒತ್ತಡದಿಂದ ಆರಂಭಿಸಬೇಕು. ಉಂಗುರದ ತೋಡು ಸುತ್ತಲೂ ಸುಮಾರು 10 ಮಿ.ಮೀ. ಆಳವಾದಾಗ ಯಂತ್ರವನ್ನು ಹೊರತೆಗೆದು, ಪ್ಲಗ್ ಕಿತ್ತು, ಪೈಲಟ್ ಬಿಟ್ಟನ್ನು ಬಿಡಿಸಿ ತೆಗೆಯಬೇಕು. ಅದನ್ನು ಒಳಗೇ ಬಿಟ್ಟರೆ ತಿರುಳು ಸಡಿಲವಾದಾಗ ಪೈಲಟ್ ಬಿಟ್ ಅದರೊಳಗೆ ಸಿಕ್ಕಿಕೊಂಡು ಬಿಟ್ಟನ್ನು ಅದುರಿಸುತ್ತದೆ.

ಆರನೆಯದು ಕೊರೆತ. ಬಿಟ್ ತಿರುಗುತ್ತಿರುವಾಗಲೇ ಆಗಾಗ ಸ್ವಲ್ಪ ಹಿಂದಕ್ಕೆ ತೆಗೆದು ಪುಡಿ ಹೊರಬರುವಂತೆ ಮಾಡಬೇಕು. ಯಂತ್ರದ ಸದ್ದು ಭಾರವಾದರೆ ಒತ್ತಡ ತಗ್ಗಿಸಬೇಕು. ತೋಡಿನೊಳಗೆ ಬಿಟ್ಟನ್ನು ನಿಲ್ಲಿಸಿ ಅಲ್ಲಿಂದಲೇ ಮತ್ತೆ ಚಾಲನೆ ಮಾಡುವುದು ತಪ್ಪು. ಬಿಟ್ ಕಾದಾಗ ಗಾಳಿಯಲ್ಲಿ ಹೊರೆಯಿಲ್ಲದೆ ತಿರುಗಿಸಿ ತಣಿಸಬೇಕು. ಒಣಗೊರೆತದ ಕೈಯಂತ್ರಕ್ಕೆ ನೀರು ಚಿಮುಕಿಸುವುದು ವಿದ್ಯುತ್ ಆಘಾತಕ್ಕೆ ಆಹ್ವಾನವಿತ್ತಂತೆ.

ಏಳನೆಯದು ತಿರುಳು ತೆಗೆಯುವುದು. ಒಳಬದಿಯಿಂದ 130 ಮಿ.ಮೀ. ಆದ ಬಳಿಕ ತೋಡಿನೊಳಗೆ ಚಪ್ಪಟೆ ಉಳಿ ತೂರಿಸಿ ಮೀಟಿದರೆ ತಿರುಳು ಬುಡದಲ್ಲಿ ಮುರಿಯುತ್ತದೆ. ಅನಂತರ ಹೊರಬದಿಯಿಂದ, ಪೈಲಟ್ ರಂಧ್ರವನ್ನೇ ಕೇಂದ್ರವಾಗಿಟ್ಟುಕೊಂಡು, ಇದೇ ಕ್ರಮವನ್ನು ಪುನರಾವರ್ತಿಸಬೇಕು. ಇಡೀ ಗೋಡೆಯ ತಿರುಳು ಸುಮಾರು 5 ಕಿಲೋ ತೂಗುತ್ತದೆ. ಮಹಡಿಯಿಂದ ಅದರ ಒಂದು ತುಂಡು ದಾರಿಹೋಕರ ಮೇಲೆ ಬಿದ್ದರೂ ಪ್ರಾಣಾಪಾಯ. ಕೆಳಗೆ ತಡೆ ಕಟ್ಟಿ ಒಬ್ಬರನ್ನು ಕಾವಲು ನಿಲ್ಲಿಸುವುದು ಅವಶ್ಯಕ.

ಕೊನೆಯದು ಮುಚ್ಚುವಿಕೆ. ಕೊಳವೆ ಕೂರಿಸಿದ ಮೇಲೆ ಸುತ್ತಲಿನ ಜಾಗವನ್ನು ಸಿಮೆಂಟ್ ಗಾರೆ ಅಥವಾ ಯೋಗ್ಯ ಸೀಲಂಟ್‌ನಿಂದ ತುಂಬಿ, ಹೊರಮುಖದಲ್ಲಿ ನೀರು ನಿಲ್ಲದಂತೆ ಮುಗಿಸಬೇಕು. ರಂಧ್ರ ಎಷ್ಟೇ ಅಂದವಾಗಿದ್ದರೂ ಈ ಹಂತ ಬಿಟ್ಟರೆ ಗ್ರಾಹಕನ ದೂರು ಮಳೆಗಾಲದಲ್ಲಿ ಬಂದೇ ಬರುತ್ತದೆ.

ಎದುರಾಗುವ ತೊಂದರೆಗಳು

ಬಿಟ್ ಮುಂದೆ ಸಾಗದೆ ಹೊಳೆಯುತ್ತ ತಿರುಗುತ್ತಿದ್ದರೆ ವಜ್ರಕಣಗಳು ಮೊಂಡಾಗಿ ಮುಚ್ಚಿಹೋಗಿವೆ ಎಂದರ್ಥ. ಒತ್ತಡ ಹೆಚ್ಚಿಸುವುದು ಪರಿಹಾರವಲ್ಲ. ಮರಳಿನಂಶ ಹೆಚ್ಚಿರುವ ಇಟ್ಟಿಗೆ ಅಥವಾ ಸಾಣೆಕಲ್ಲಿನಲ್ಲಿ ಸ್ವಲ್ಪ ಕೊರೆದರೆ ಹೊಸ ಕಣಗಳು ಹೊರಬರುತ್ತವೆ.

ಬಿಟ್ ಗೋಡೆಯಲ್ಲಿ ಸಿಕ್ಕಿಕೊಂಡರೆ ಮೋಟಾರಿನ ಬಲದಿಂದ ಹಿಂದಕ್ಕೆ ತಿರುಗಿಸಲು ಪ್ರಯತ್ನಿಸಬಾರದು. ಥ್ರೆಡ್ ಬಿಚ್ಚಿಕೊಂಡು ಬಿಟ್ ಗೋಡೆಯೊಳಗೇ ಉಳಿದೀತು. ಪ್ಲಗ್ ಕಿತ್ತು, ಅಡಾಪ್ಟರ್‌ನ ಚಪ್ಪಟೆ ಮುಖಕ್ಕೆ ಸ್ಪ್ಯಾನರ್ ಹಾಕಿ ಕೊರೆತದ ದಿಕ್ಕಿನಲ್ಲಿಯೇ ಮೆಲ್ಲನೆ ಅಲುಗಿಸಿ ಬಿಡಿಸಬೇಕು.

ರಂಧ್ರವು ಬಿಟ್‌ನ ಅಳತೆಗಿಂತ ದೊಡ್ಡದಾಗಿ ಬಂದರೆ ಅಡಾಪ್ಟರ್ ಬಾಗಿದೆ ಅಥವಾ ಶ್ಯಾಂಕ್ ಸವೆದಿದೆ. ಬಾಗಿದ ಅಡಾಪ್ಟರ್ ಸುತ್ತಿಗೆಯಿಂದ ನೇರವಾಗುವುದಿಲ್ಲ. ಹೊಸದನ್ನು ಕೊಳ್ಳುವುದೇ ಮಿತವ್ಯಯ.

ಧೂಳು: ಕಾಣದ ಶತ್ರು

ಮೇಲಿನ ಉದಾಹರಣೆಯ ಒಂದೇ ರಂಧ್ರದಿಂದ 650 ಗ್ರಾಂಗೂ ಮೀರಿ ಇಟ್ಟಿಗೆಪುಡಿ ಹೊರಬರುತ್ತದೆ. ಇಟ್ಟಿಗೆ, ಕಾಂಕ್ರೀಟ್ ಹಾಗೂ ಗ್ರಾನೈಟಿನ ಪುಡಿಯಲ್ಲಿ ಸ್ಫಟಿಕ ಸಿಲಿಕಾ ಇರುತ್ತದೆ. ಅದರ ಅತಿಸೂಕ್ಷ್ಮ ಕಣಗಳು ಶ್ವಾಸಕೋಶದ ಆಳಕ್ಕಿಳಿದು ಸಿಲಿಕೋಸಿಸ್ ಎಂಬ, ಪೂರ್ಣ ಗುಣವಾಗದ ಕಾಯಿಲೆಯನ್ನು ತರುತ್ತವೆ. 1948ರ ಕಾರ್ಖಾನೆ ಕಾಯ್ದೆಯೇ ಇದನ್ನು ವರದಿ ಮಾಡಬೇಕಾದ ರೋಗಗಳ ಪಟ್ಟಿಯಲ್ಲಿ ಸೇರಿಸಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1997ರಲ್ಲಿ ಉದ್ಯೋಗಸ್ಥಳದಲ್ಲಿ ಉಸಿರಿನೊಡನೆ ಸೇರುವ ಸ್ಫಟಿಕ ಸಿಲಿಕಾವನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿತು.

ಮೂಗಿಗೆ ಕರವಸ್ತ್ರ ಕಟ್ಟುವುದು ಈ ಕಣಗಳನ್ನು ತಡೆಯುವುದಿಲ್ಲ. ಎನ್95 ಅಥವಾ ಅದಕ್ಕೂ ಮೇಲಿನ ದರ್ಜೆಯ ಮಾಸ್ಕ್ ಅಗತ್ಯ. ಧೂಳು ಹೀರುವ ಯಂತ್ರಕ್ಕೆ ಜೋಡಿಸುವ ವ್ಯವಸ್ಥೆ ಕೆಲವು ಅಡಾಪ್ಟರ್‌ಗಳಲ್ಲಿ ಇದೆ. ನಿತ್ಯ ಇದೇ ಕೆಲಸ ಮಾಡುವವರು ಅದನ್ನೇ ಆರಿಸಬೇಕು. ಕೆಲಸ ಮುಗಿದ ಮೇಲೆ ಒಣ ಪೊರಕೆಯಿಂದ ಗುಡಿಸಿದರೆ ಧೂಳು ಮತ್ತೆ ಗಾಳಿಗೇರುತ್ತದೆ. ನೀರು ಚಿಮುಕಿಸಿ ಎತ್ತಬೇಕು. ಕನ್ನಡಕ, ಕಿವಿರಕ್ಷೆ, 30 ಮಿಲಿಆಂಪಿಯರಿನ ಸೋರಿಕೆ ವಿದ್ಯುತ್ ನಿರೋಧಕ, ಇವೂ ಬೇಕು. ಸಡಿಲ ಅಂಗಿ ಮತ್ತು ಕುತ್ತಿಗೆಯ ಟವೆಲ್ ಬೇಡ.

ಲೆಕ್ಕಾಚಾರದ ವಿಧಾನ

ಈ ಸಲಕರಣೆಯನ್ನು ಕೊಳ್ಳಬೇಕೇ, ಬಾಡಿಗೆಗೆ ತರಬೇಕೇ ಎಂಬುದು ಸಣ್ಣ ಗುತ್ತಿಗೆದಾರನ ಪ್ರಶ್ನೆ. ಉತ್ತರವನ್ನು ಪ್ರತಿ ರಂಧ್ರದ ಲೆಕ್ಕದಿಂದ ಪಡೆಯಬೇಕು. ಕೆಳಗಿನ ಅಂಕಿಗಳು ವಿಧಾನವನ್ನು ತೋರಿಸಲು ಮಾತ್ರ. ಪ್ರತಿಯೊಬ್ಬರೂ ತಮ್ಮ ಊರಿನ ಕೂಲಿ ಮತ್ತು ಬೆಲೆಗಳನ್ನು ಹಾಕಿಕೊಳ್ಳಬೇಕು.

ಒಬ್ಬ ಕುಶಲ ಕೆಲಸಗಾರ ಮತ್ತು ಒಬ್ಬ ಸಹಾಯಕನ ಒಟ್ಟು ಕೂಲಿ ಗಂಟೆಗೆ 200 ರೂಪಾಯಿ ಎಂದಿಟ್ಟುಕೊಂಡರೆ, ಉಳಿಯಿಂದ ಎರಡು ಗಂಟೆಯ ಕೆಲಸಕ್ಕೆ 400 ರೂ., ಗಾರೆ ದುರಸ್ತಿಗೆ 300 ರೂ., ಒಟ್ಟು 700 ರೂ. ಕೋರ್ ಬಿಟ್‌ನಿಂದ ಮುಕ್ಕಾಲು ಗಂಟೆಗೆ 150 ರೂ.; 6,000 ರೂಪಾಯಿಯ ಬಿಟ್ 60 ರಂಧ್ರಗಳಿಗೆ ಬಾಳುವುದಾದರೆ ಸವೆತ 100 ರೂ.; ವಿದ್ಯುತ್ ಮತ್ತು ಕಾರ್ಬನ್ ಬ್ರಷ್‌ಗೆ 50 ರೂ.; ಒಟ್ಟು 300 ರೂ. ಉಳಿತಾಯ ರಂಧ್ರವೊಂದಕ್ಕೆ 400 ರೂ. ಯಂತ್ರ ಮತ್ತು ಅಡಾಪ್ಟರ್‌ಗೆ 16,000 ರೂ. ತೊಡಗಿಸಿದ್ದರೆ 40 ರಂಧ್ರಗಳಲ್ಲಿ ಅದು ಮರಳುತ್ತದೆ. ತಿಂಗಳಿಗೆ ಹತ್ತು ರಂಧ್ರಗಳ ಕೆಲಸವಿರುವವನಿಗೆ ನಾಲ್ಕು ತಿಂಗಳು ಸಾಕು. ಎರಡೇ ಇರುವವನಿಗೆ ಇಪ್ಪತ್ತು ತಿಂಗಳು ಬೇಕು. ಅಂಥವನು ಬಾಡಿಗೆಗೆ ತರುವುದೇ ಲೇಸು.

ಬಿಟ್‌ನ ಆಯುಷ್ಯ ಈ ಲೆಕ್ಕದಲ್ಲಿ ನಿರ್ಣಾಯಕ. ಅದೇ ಬಿಟ್ ತಪ್ಪು ಬಳಕೆಯಿಂದ 15 ರಂಧ್ರಕ್ಕೆ ಮುಗಿದುಹೋದರೆ ಸವೆತ 400 ರೂಪಾಯಿಗೇರಿ ಉಳಿತಾಯ 100 ರೂಪಾಯಿಗೆ ಕುಸಿಯುತ್ತದೆ.

ಕೊಳ್ಳುವಾಗ ಕೇಳಬೇಕಾದ ಪ್ರಶ್ನೆಗಳು

ಗ್ರಾಹಕ ಅಂಗಡಿಗೆ ಹೋಗುವಾಗ ಹಳೆಯ ಬಿಟ್ಟನ್ನು, ಇಲ್ಲವೇ ಕನಿಷ್ಠಪಕ್ಷ ಯಂತ್ರದ ಮಾದರಿ ಸಂಖ್ಯೆಯನ್ನು ಜೊತೆಗೊಯ್ಯಬೇಕು. ವ್ಯಾಪಾರಸ್ಥನೂ ಐದು ವಿಷಯಗಳನ್ನು ವಿಚಾರಿಸಿಯೇ ಮಾಲು ಕೊಡಬೇಕು: ಯಂತ್ರದ ಹೋಲ್ಡರ್ ಯಾವುದು? ಬಿಟ್‌ನ ಥ್ರೆಡ್ ಯಾವುದು? ಹ್ಯಾಮರ್ ನಿಲ್ಲಿಸುವ ಸೌಲಭ್ಯ ಮತ್ತು ಕ್ಲಚ್ ಯಂತ್ರದಲ್ಲಿವೆಯೇ? ಗೋಡೆ ಯಾವ ಬಗೆಯದು, ದಪ್ಪವೆಷ್ಟು? ಪೈಲಟ್ ಬಿಟ್, ಬಿಡಿಸುವ ಬೆಣೆ, ಸ್ಪ್ಯಾನರ್ ಗ್ರಾಹಕನ ಬಳಿ ಇವೆಯೇ?

ಈ ಐದು ಪ್ರಶ್ನೆಗಳಿಗೆ ಎರಡು ನಿಮಿಷ ಸಾಕು. ಅವನ್ನು ಕೇಳದೆ ಮಾರಿದ ಅಡಾಪ್ಟರ್ ಮರುದಿನ ಮುರಿದ ಥ್ರೆಡ್‌ನೊಂದಿಗೆ ಅಂಗಡಿಗೆ ಹಿಂತಿರುಗುತ್ತದೆ. ಕೇಳಿ ಮಾರಿದ ಅಂಗಡಿಗೆ ಅದೇ ಗ್ರಾಹಕ ಮುಂದಿನ ಬಿಟ್‌ಗಾಗಿ ಮರಳಿ ಬರುತ್ತಾನೆ. ಗುತ್ತಿಗೆದಾರನ ಮಟ್ಟಿಗೆ ಹೇಳುವುದಾದರೆ, ಕೊರೆತಕ್ಕೆ ಮುಂಚೆ ಥ್ರೆಡ್ ಒರೆಸಿ, ಹ್ಯಾಮರ್ ಗುಂಡಿಯನ್ನು ನೋಡಿ, ಕೆಲಸಗಾರನ ಮುಖದ ಮೇಲೆ ಮಾಸ್ಕ್ ಇದೆಯೇ ಎಂದು ಗಮನಿಸುವ ಅಭ್ಯಾಸವೊಂದಿದ್ದರೆ ಬಿಟ್‌ನ ಬಾಳಿಕೆಯೂ ಕೆಲಸಗಾರನ ಆರೋಗ್ಯವೂ ಉಳಿಯುತ್ತವೆ.